ಬಾಣಂತಿಯೂ ಒತ್ತಡದ ನಿಯಮವೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕರಿಯ ನೆಲವನ್ನು ಬತ್ತದ ಗದ್ದೆಯನ್ನಾಗಿ ಮಾಡಿದ ಸಂಗತಿಯನ್ನು ವಾಚಕರು ಬಲ್ಲರು. ಆ ಕಾಲುವೆಯ ತೂಬಿನ ಬಾಗಿಲ ಬಳಿ ನಿಂತು ನೋಡಿದವರು ಒಂದು ವಿಷಯವನ್ನು ಗಮನಿಸಿರಬಹುದು. ಬಾಗಿಲಿನ ಅಂಚು ಸವೆದು ಸಡಿಲವಾದಾಗ ನೀರು ರಭಸದಿಂದ ಜಿನುಗುವುದು ತಳದಲ್ಲಿ, ಮೇಲ್ಭಾಗದಲ್ಲಲ್ಲ. ಏಕೆಂದರೆ ನೀರಿನ ಒತ್ತಡವು ಆಳದೊಡನೆ ಹೆಚ್ಚುತ್ತದೆ. ಒಂದು ಮೀಟರು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಮಿನಷ್ಟು ಭಾರ ಬೀಳುತ್ತದೆ. ಇದನ್ನು ನಾವು ಪ್ರತಿ ವರ್ಷವೂ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಆದರೆ ಇದೇ ಲೆಕ್ಕ ನಮ್ಮ ಅಕ್ಕನ ದೇಹದಲ್ಲಿಯೂ ನಡೆಯುತ್ತಿತ್ತೆಂಬುದು ನಮಗೆ ಆರು ವರ್ಷಗಳವರೆಗೆ ತಿಳಿಯದೆ ಹೋಯಿತು.

ಅಕ್ಕನನ್ನು ಕೊಟ್ಟಿರುವುದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಗೆ. ಎರಡನೆಯ ಹೆರಿಗೆಯ ಬಳಿಕ ಆಕೆ ಮಸ್ಕಿಯ ಮಲ್ಲಿಕಾರ್ಜುನನ ಜಾತ್ರೆಗೆ ಬರುವುದನ್ನು ಬಿಟ್ಟಳು. ಊರಿಗೆ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ನಾವು ಅದನ್ನು ಉಪವಾಸವೆಂದೇ ಎಣಿಸಿದ್ದೆವು. ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಮೂತ್ರ ತಡೆಯುವುದಿಲ್ಲವೆಂಬ ಮಾತನ್ನು ಆಕೆ ಕೊನೆಗೆ ನಮ್ಮ ಮನೆಯಾಕೆಯ ಮುಂದೆ ಆಡಿದಳು. ಅದಕ್ಕೆ ಮೊದಲು ಒಮ್ಮೆ ಧೈರ್ಯ ಮಾಡಿ ಹಿರಿಯ ಹೆಂಗಸೊಬ್ಬರನ್ನು ಕೇಳಿದಾಗ ದೊರೆತ ಉತ್ತರ ಇಷ್ಟೆ: “ಹಡೆದಾಕಿಗೆ ಇದು ಇದ್ದದ್ದ ಬಿಡು.”

ಇದು ನಿಜವಾಗಿಯೂ ಇದ್ದದ್ದೆ? ಸಹಿಸಿಕೊಂಡೇ ಇರಬೇಕಾದದ್ದೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಮೊದಲು ದೇಹದ ರಚನೆಯನ್ನು ನೋಡೋಣ. ಹೊಟ್ಟೆಯನ್ನು ಒಂದು ಮುಚ್ಚಿದ ಪಾತ್ರೆಯೆಂದು ಭಾವಿಸಿರಿ. ಅದರ ಮುಚ್ಚಳ ಉಸಿರಾಟದ ವಪೆ. ಪಕ್ಕದ ಗೋಡೆಗಳು ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳು. ತಳ ಮಾತ್ರ ಎಲುಬಿನದಲ್ಲ. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದ ಎಲುಬಿನವರೆಗೆ ಜೋಲಿಯಂತೆ ಹಾಸಿರುವ ಸ್ನಾಯುಗಳ ಪದರವೇ ಈ ತಳ. ಇದನ್ನು ಶ್ರೋಣಿತಳವೆನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಆಸರೆ ಇದೇ. ಈ ಜೋಲಿಯ ನಡುವೆ ಮುಂಭಾಗದಲ್ಲಿ ಒಂದು ಸಂದು ಉಂಟು. ಮೂತ್ರವೂ ಮಲವೂ ಹೊರಬೀಳುವುದು ಆ ಸಂದಿನ ಮೂಲಕ; ಶಿಶುವು ಲೋಕಕ್ಕೆ ಬರುವುದೂ ಆ ಸಂದಿನ ಮೂಲಕವೇ.

ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಪ್ಯಾಸ್ಕಲನು ತೋರಿಸಿಕೊಟ್ಟನು. ಹೊಟ್ಟೆಯೊಳಗಿನ ಮೃದುವಾದ ಅಂಗಗಳು ಬಹುಮಟ್ಟಿಗೆ ಈ ನಿಯಮವನ್ನೇ ಅನುಸರಿಸುತ್ತವೆ. ಬಲವಾಗಿ ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡವು ಒಂದು ಮೀಟರು ನೀರಿನ ಒತ್ತಡವನ್ನು ಮುಟ್ಟುತ್ತದೆ, ಕೆಲವೊಮ್ಮೆ ಮೀರುತ್ತದೆ. ಎಂದರೆ, ಕೆಮ್ಮಿದ ಕ್ಷಣದಲ್ಲಿ ಶ್ರೋಣಿತಳವು ಒಂದು ಮೀಟರು ಆಳದ ಕಾಲುವೆಯ ತೂಬಿನಂತೆ ನಿಲ್ಲಬೇಕಾಗುತ್ತದೆ. ಲೆಕ್ಕಕ್ಕಾಗಿ ಆ ಸಂದಿನ ವಿಸ್ತೀರ್ಣ 15 ಚದರ ಸೆಂಟಿಮೀಟರು ಎಂದುಕೊಂಡರೆ ಅದರ ಮೇಲೆ ಬೀಳುವ ಭಾರ ಒಂದೂವರೆ ಕಿಲೋಗ್ರಾಮು. ಅದೇ ಸಂದು 25 ಚದರ ಸೆಂಟಿಮೀಟರಿಗೆ ಹಿಗ್ಗಿದರೆ ಭಾರ ಎರಡೂವರೆ ಕಿಲೋಗ್ರಾಮಾಗುತ್ತದೆ. ದ್ವಾರ ದೊಡ್ಡದಾದಷ್ಟೂ ಅದನ್ನು ಕಾಯುವ ಸ್ನಾಯುವಿನ ಮೇಲಿನ ಹೊರೆ ಹೆಚ್ಚು. ಹೊರೆ ಹೆಚ್ಚಿದಷ್ಟೂ ದ್ವಾರ ಮತ್ತಷ್ಟು ಹಿಗ್ಗುತ್ತದೆ. ತಿಣುಕಿದಾಗ ಈ ಸಂದು 25 ಚದರ ಸೆಂಟಿಮೀಟರನ್ನು ಮೀರಿ ಹಿಗ್ಗುವುದು ಸಹಜವಲ್ಲವೆಂದು ಅಲ್ಟ್ರಾಸೌಂಡ್ ಚಿತ್ರಗಳನ್ನು ಪರಿಶೀಲಿಸುವ ತಜ್ಞರು ಎಣಿಸುತ್ತಾರೆ.

ಹೆರಿಗೆಯಲ್ಲಿ ಈ ಸ್ನಾಯುಗಳಿಗೆ ಒದಗುವ ಪರೀಕ್ಷೆ ಎಂಥದು? ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಇದನ್ನು ಗಣಕಯಂತ್ರದ ಮಾದರಿಯೊಂದರಿಂದ ಲೆಕ್ಕಹಾಕಿದರು. ಶಿಶುವಿನ ತಲೆ ಹೊರಬರುವ ಹೊತ್ತಿಗೆ ಸಂದಿನ ಅಂಚಿನ ಸ್ನಾಯುವು ತನ್ನ ಮೊದಲಿನ ಉದ್ದದ 3.26 ಪಟ್ಟು ಹಿಗ್ಗಬೇಕಾಗುತ್ತದೆಂದು ಅವರು ಕಂಡರು. ಸಾಮಾನ್ಯ ಸ್ನಾಯುಗಳು ಒಂದೂವರೆ ಪಟ್ಟನ್ನು ಮೀರಿ ಎಳೆದರೆ ಗಾಯಗೊಳ್ಳುತ್ತವೆ. ಬಸುರಿನಲ್ಲಿ ಈ ಭಾಗದ ಅಂಗಾಂಶಗಳು ವಿಶೇಷವಾಗಿ ಮೆದುವಾಗುವುದರಿಂದಲೇ ಬಹುಮಂದಿ ತಾಯಂದಿರು ಇದನ್ನು ದಾಟಿ ಬರುತ್ತಾರೆ. ಕೆಲವರಲ್ಲಿ ಸ್ನಾಯು ಎಲುಬಿನ ಅಂಟಿನಿಂದಲೇ ಕಿತ್ತುಬರುವುದುಂಟು. ಇಕ್ಕಳ ಹಾಕಿ ಶಿಶುವನ್ನು ಎಳೆದಾಗ ಈ ಅಪಾಯ ಹೆಚ್ಚು. ಹೆರಿಗೆಯಾದ ಸ್ತ್ರೀಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿಗೆ ಮೂತ್ರ ಸೋರುವ ತೊಂದರೆ ಇರುತ್ತದೆಂದೂ, ಹತ್ತನೆಯ ಒಂದು ಪಾಲಿನವರೆಗೆ ಮಲದ ಹತೋಟಿಯೂ ತಪ್ಪುತ್ತದೆಂದೂ ಲೋಕದ ಹಲವು ಅಧ್ಯಯನಗಳು ತಿಳಿಸುತ್ತವೆ. ಮತ್ತೆ ಕೆಲವರಲ್ಲಿ ವರ್ಷಗಳುರುಳಿದ ಮೇಲೆ ಗರ್ಭಕೋಶ ಕೆಳಗೆ ಜಾರುತ್ತದೆ.

ನಮ್ಮ ಸೀಮೆಯ ಬಾಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ. ನಾಟಿಯ ಕಾಲದಲ್ಲಿ ದಿನವಿಡೀ ಬಗ್ಗಿ ನಿಲ್ಲುವವಳು ಹೆಣ್ಣು. ನೀರಿನ ಕೊಡವನ್ನೂ ಹುಲ್ಲಿನ ಹೊರೆಯನ್ನೂ ಎತ್ತುವವಳು ಹೆಣ್ಣು. ಒಲೆಯ ಹೊಗೆಯಲ್ಲಿ ಕೆಮ್ಮುವವಳೂ ಅವಳೇ. ಕೂಲಿಯವಳಿಗೆ ಬಾಣಂತನದ ದಿನಗಳನ್ನು ಎಣಿಸುತ್ತ ಕೂಡುವ ಅನುಕೂಲ ಎಲ್ಲಿಯದು? ಗಾಯ ಮಾಯುವ ಮೊದಲೇ ತೂಬಿನ ಮೇಲೆ ಮತ್ತೆ ನೀರು ನಿಲ್ಲಿಸಿದಂತಾಗುತ್ತದೆ.

ಹಿರಿಯರ ಬಾಣಂತನವನ್ನು ನಾವು ಹಳಿಯುವವರಲ್ಲ. ತವರಿನ ವಿಶ್ರಾಂತಿ, ಬಿಸಿನೀರ ಸ್ನಾನ, ಅಂಟಿನುಂಡೆ, ಇವುಗಳ ಹಿಂದೆ ಕರುಣೆಯೂ ಉಂಟು, ಅನುಭವವೂ ಉಂಟು. ಮಲಗಿದಾಗ ಶ್ರೋಣಿತಳದ ಮೇಲಿನ ಒತ್ತಡ ಇಳಿಯುತ್ತದೆಂಬುದು ಭೌತಶಾಸ್ತ್ರಕ್ಕೂ ಒಪ್ಪಿದ ಮಾತು. ಆದರೆ ಹೊಟ್ಟೆ ಕಟ್ಟುವ ರೂಢಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಸೀರೆಯ ಹಗುರವಾದ ಆಸರೆ ಸೊಂಟಕ್ಕೆ ಹಿತವಾಗಬಹುದು. ಅದನ್ನೇ ಉಸಿರು ಸಿಕ್ಕುವಂತೆ ಬಿಗಿದರೆ, ಪಾತ್ರೆಯ ಗೋಡೆಯನ್ನು ಒತ್ತಿದ ಬಲ ಎಲ್ಲಿಗೆ ಹೋಗಬೇಕು? ಗಾಯಗೊಂಡ ತಳಕ್ಕೇ ಹೋಗುತ್ತದೆ.

ದೇಹದ ಕಷ್ಟಕ್ಕಿಂತ ಕಠಿನವಾದದ್ದು ಮೌನ. 1989ರಲ್ಲಿ ಡಾಕ್ಟರ್ ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿ ಪ್ರಸಿದ್ಧವಾಗಿದೆ. ಅವರಲ್ಲಿ ಶೇಕಡಾ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಎಂದಾದರೂ ಅಂಥ ಪರೀಕ್ಷೆಯನ್ನು ಕಂಡವರು ಶೇಕಡಾ 8 ಮಾತ್ರ. ಮೌನದ ಇನ್ನೊಂದು ಫಲವನ್ನು ನಮ್ಮ ಕಲ್ಯಾಣ ಕರ್ನಾಟಕವೇ ಕಂಡಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಹಾಗೂ ದಲಿತರ ಬಡ ಸ್ತ್ರೀಯರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದುಹಾಕಲಾಗಿದೆಯೆಂಬ ದೂರುಗಳೆದ್ದು, 2015ರಲ್ಲಿ ಅವು ನಾಡಿನ ಗಮನ ಸೆಳೆದು, ವಿಚಾರಣೆಗಳು ನಡೆದವು. ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಸಡಿಲವಾದ ತಳ ಬಿಗಿಯಾಗುವುದಿಲ್ಲ. ತೂಬು ಸೋರುತ್ತಿದ್ದರೆ ಕಾಲುವೆಯ ದಂಡೆಯನ್ನು ಕೆಡವುವವರುಂಟೆ? ಹೇಳಿಕೊಳ್ಳಲು ಯಾರೂ ಇಲ್ಲದವಳು ಕೊನೆಗೆ ಯಾರು ಏನು ಹೇಳಿದರೂ ಒಪ್ಪುತ್ತಾಳೆ.

ಹಾಗಾದರೆ ಉಪಾಯವೇನು? ಆರ್ನಲ್ಡ್ ಕೆಗೆಲ್ ಎಂಬ ಅಮೆರಿಕೆಯ ವೈದ್ಯನು 1948ರಲ್ಲಿ ಶ್ರೋಣಿತಳದ ಸ್ನಾಯುಗಳಿಗೆಂದೇ ಒಂದು ವ್ಯಾಯಾಮವನ್ನು ಪ್ರಕಟಿಸಿದನು. ನಮಗೆ ಅದರಲ್ಲಿ ಹಿಡಿಸಿದ್ದು ಅವನ ಉಪಕರಣ. ಗಾಳಿ ತುಂಬಿದ ಒಂದು ರಬ್ಬರಿನ ಚೀಲಿಕೆ. ಅದಕ್ಕೆ ನಳಿಗೆಯಿಂದ ಜೋಡಿಸಿದ ಒಂದು ಒತ್ತಡಮಾಪಕ. ಸ್ನಾಯು ಬಿಗಿದಾಗ ಮುಳ್ಳು ಏರುವುದನ್ನು ರೋಗಿಯೇ ಕಣ್ಣಾರೆ ಕಾಣುತ್ತಿದ್ದಳು. ಅಳೆಯಲು ಬಂದದ್ದನ್ನು ತಿದ್ದಲು ಬರುತ್ತದೆ.

ವ್ಯಾಯಾಮದ ಕ್ರಮ ಸರಳವಾದದ್ದು. ಗಾಳಿಯನ್ನೂ ಮೂತ್ರವನ್ನೂ ಒಮ್ಮೆಗೇ ತಡೆಹಿಡಿಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆದುಕೊಳ್ಳಬೇಕು. ಕೆಲವು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ತೊಡೆಯನ್ನಾಗಲಿ ಕುಂಡೆಯನ್ನಾಗಲಿ ಬಿಗಿಯಬಾರದು. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ ಮೂರು ಸಲ, ಕಡಮೆಯೆಂದರೆ ಮೂರು ತಿಂಗಳು ಮಾಡಬೇಕೆಂದು ಇಂಗ್ಲೆಂಡಿನ ವೈದ್ಯಕೀಯ ಮಾರ್ಗದರ್ಶಿ ಹೇಳುತ್ತದೆ. ಕೆಮ್ಮುವ ಅಥವಾ ಕೊಡ ಎತ್ತುವ ಮುನ್ನಿನ ಕ್ಷಣದಲ್ಲಿ ಒಮ್ಮೆ ಬಿಗಿದುಕೊಳ್ಳುವುದೂ ಕಲಿಯತಕ್ಕ ಯುಕ್ತಿ. ನೀರು ಏರುವ ಮೊದಲು ತೂಬನ್ನು ಭದ್ರಪಡಿಸಿದಂತೆ. ಆದರೆ ಹಗಲಿರುಳೂ ಎಡೆಬಿಡದೆ ಮೂತ್ರ ಹನಿಯುತ್ತಿದ್ದರೆ ಅದು ಬೇರೆಯೇ ಸಂಗತಿ. ಕಷ್ಟದ ಹೆರಿಗೆಯಲ್ಲಿ ಮೂತ್ರಕೋಶದ ಗೋಡೆಗೆ ರಂಧ್ರವಾಗಿರಬಹುದು. ಅದಕ್ಕೆ ವ್ಯಾಯಾಮವಲ್ಲ, ವೈದ್ಯರ ಪರೀಕ್ಷೆ ಕೂಡಲೆ ಬೇಕು.

ಇಷ್ಟು ಸರಳವಾದುದನ್ನು ಒಂದು ಕರಪತ್ರದಲ್ಲಿ ಅಚ್ಚುಹಾಕಿ ಹಂಚಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. 1991ರಲ್ಲಿ ಬಂಪ್ ಎಂಬ ವೈದ್ಯನೂ ಸಂಗಡಿಗರೂ 47 ಸ್ತ್ರೀಯರಿಗೆ ಬರಿಯ ಮಾತಿನಲ್ಲಿ ಈ ವ್ಯಾಯಾಮವನ್ನು ಹೇಳಿಕೊಟ್ಟು ಒತ್ತಡವನ್ನು ಅಳೆದು ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ ಮಾತ್ರ. ಕಾಲುಭಾಗದಷ್ಟು ಮಂದಿ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ತಿಣುಕುತ್ತಿದ್ದರು. ಎಂದರೆ ರೋಗವನ್ನೇ ಹೆಚ್ಚಿಸುವ ಕೆಲಸ ಮಾಡುತ್ತಿದ್ದರು. ಆದುದರಿಂದ ಪರೀಕ್ಷಿಸಿ ತಿದ್ದುವ ಫಿಜಿಯೋಥೆರಪಿಸ್ಟರೊಬ್ಬರು ಬೇಕೇಬೇಕು. ಫ್ರಾನ್ಸಿನಲ್ಲಿ ಹೆರಿಗೆಯ ಬಳಿಕ ಇಂಥ ಶಿಕ್ಷಣದ ಸಾಮಾನ್ಯವಾಗಿ ಹತ್ತು ಸರದಿಗಳ ವೆಚ್ಚವನ್ನು ರಾಷ್ಟ್ರದ ವಿಮೆಯೇ ಭರಿಸುತ್ತದೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಮರೆಮಾಚುವುದು ವಿಜ್ಞಾನದ ರೀತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಬಾಣಂತಿಯರ ಆರೈಕೆಯ ಸಲಹೆಗಳಲ್ಲಿ, ಸೋರಿಕೆಯನ್ನು ತಡೆಗಟ್ಟುವುದಕ್ಕಾಗಿ ಹೆತ್ತವರೆಲ್ಲರಿಗೂ ವಾಡಿಕೆಯಂತೆ ಈ ವ್ಯಾಯಾಮವನ್ನು ಆರಂಭಿಸಬೇಕೆಂದು ಶಿಫಾರಸು ಮಾಡಿಲ್ಲ. ತೊಂದರೆಯಿಲ್ಲದವರೆಲ್ಲರಿಗೂ ಕಡ್ಡಾಯ ಕವಾಯತು ಬೇಡವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಸೋರಿಕೆ ಇರುವವರಿಗೆ ಇದರ ಪ್ರಯೋಜನವನ್ನು ತಿಳಿಸಬೇಕೆಂಬುದೂ ಆ ಸಂಸ್ಥೆಯ ಮಾತೇ. ಹಾಗಿದ್ದ ಮೇಲೆ ಯಾರಿಗೆ ತೊಂದರೆ ಇದೆಯೆಂದು ತಿಳಿಯುವ ಬಗೆ ಯಾವುದು? ಹೇಳಲು ನಾಚುವವಳು ತಾನಾಗಿ ಹೇಳಲಾರಳು. ಆದುದರಿಂದ ವ್ಯಾಯಾಮ ಎಲ್ಲರಿಗೂ ಬೇಡ; ಪ್ರಶ್ನೆ ಮಾತ್ರ ಎಲ್ಲರಿಗೂ ಬೇಕು. ಇದೇ ನಮ್ಮ ವಾದದ ತಿರುಳು.

ಈ ಪ್ರಶ್ನೆಗಾಗಿ ಹೊಸ ಇಲಾಖೆಯನ್ನು ತೆರೆಯಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗುವ ಕ್ರಮ 2011ರಲ್ಲಿ ಆರಂಭವಾದ ಯೋಜನೆಯಿಂದ ಬಂದಿದೆ. ಅಲ್ಲಿ ಶಿಶುವಿನ ತೂಕ, ಜ್ವರಗಳ ವಿಚಾರಣೆ ಮುಖ್ಯವಾಗಿ ನಡೆಯುತ್ತದೆ, ನಡೆಯಲೇಬೇಕು. 42ನೆಯ ದಿನದಂದು ತಾಯಿಯನ್ನು ಒಳಗೆ ಕರೆದು, “ಕೆಮ್ಮಿದಾಗ ಮೂತ್ರ ಸೋರುತ್ತದೆಯೆ? ಕೆಳಗೆ ಏನಾದರೂ ಜಾರಿದಂತೆ ಅನಿಸುತ್ತದೆಯೆ?” ಎಂದು ಕೇಳಲು ಎರಡು ನಿಮಿಷ ಸಾಕು. ಹೌದೆಂದವಳನ್ನು ಕಳುಹಿಸಲು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ವಾರಕ್ಕೊಂದು ದಿನವಾದರೂ ತರಬೇತಾದ ಫಿಜಿಯೋಥೆರಪಿಸ್ಟರು, ಸಾಧ್ಯವಾದರೆ ಹೆಂಗಸರೇ, ಕುಳಿತಿರಬೇಕು. ನಮ್ಮ ಅಕ್ಕ ಇದಕ್ಕಾಗಿ ರಾಯಚೂರಿಗೆ ಅಲೆಯಬೇಕಾಯಿತು. ದಿನದ ಕೂಲಿಯನ್ನು ಬಿಟ್ಟು ಅಷ್ಟು ದೂರ ಹತ್ತು ಬಾರಿ ಹೋಗಿಬರಬಲ್ಲ ಬಾಣಂತಿಯರು ಎಷ್ಟು ಮಂದಿ?

ಮೂರು ತಿಂಗಳ ಅಭ್ಯಾಸದ ಬಳಿಕ ಅಕ್ಕನ ತೊಂದರೆ ಪೂರ್ತಿ ಹೋಗಿದೆಯೆಂದು ನಾವು ಹೇಳಲಾರೆವು. ಆದರೆ ಈ ವರ್ಷ ಆಕೆ ಬೆಳಗಿನ ಚಹಾ ಕುಡಿದು ಬಸ್ಸು ಹತ್ತಿದಳು. ಮಲ್ಲಿಕಾರ್ಜುನನ ಬೆಟ್ಟವನ್ನೂ ಹತ್ತಿದಳು.

ಮಸ್ಕಿಯ ಹೆಸರನ್ನು ಲೋಕಕ್ಕೆ ತಿಳಿಸಿದ್ದು ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜನಿಯರನು ಅದನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಅದರಲ್ಲಿ ಇದ್ದುದರಿಂದ ಚರಿತ್ರೆಯ ಒಂದು ದೊಡ್ಡ ಸಂದೇಹ ಬಗೆಹರಿಯಿತು. ಒಳ್ಳೆಯದನ್ನು ಪಡೆಯುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಬೇಕು ಎಂಬುದು ಆ ಬಂಡೆಯ ಮೇಲಿನ ಬರಹದ ಆಶಯ. ಅರಸನು ಹೇಳಿದ್ದು ಧರ್ಮವನ್ನು ಕುರಿತು. ನಾವು ಹೇಳುತ್ತಿರುವುದು ಆರೋಗ್ಯವನ್ನು ಕುರಿತು. ನಗರದ ಅನುಕೂಲಸ್ಥ ಸ್ತ್ರೀಗೆ ಈ ತಿಳಿವಳಿಕೆ ಇಂದು ಹಣ ಕೊಟ್ಟರೆ ದೊರೆಯುತ್ತದೆ. ಆ ಬಂಡೆಯ ಸುತ್ತಣ ಹೊಲಗಳಲ್ಲಿ ಬಗ್ಗಿ ದುಡಿಯುವವಳಿಗೂ ಅದನ್ನು ತಿಳಿಸಿ ಹೇಳುವ ಹೊಣೆ ನಮ್ಮ ಮೇಲಿದೆ. ಮನೆಯ ಗಂಡಸರಾದ ನಾವು ಮೊದಲು ಮಾಡಬಹುದಾದದ್ದು, ಈ ಮಾತು ಬಂದಾಗ ನಾಚಿ ಎದ್ದುಹೋಗದೆ ಕುಳಿತು ಕೇಳುವುದು.