ಜ್ವರ ಬಿಟ್ಟ ಮೇಲಿನ ದಿನಗಳು

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಶಸ್ತ್ರಚಿಕಿತ್ಸೆಗೊಳಗಾಗಿ ಆಸ್ಪತ್ರೆಯಲ್ಲಿದ್ದಾಗ ಅವರ ಮಂಚದ ಸುತ್ತ ಬಂಧುಬಳಗ ಕಿಕ್ಕಿರಿದಿತ್ತು. ನಾವೂ ಎರಡು ಬಾರಿ ಹೋಗಿ ಪರಮಪ್ರಸಾದ ನೀಡಿ ಬಂದೆವು. ಅವರು ಮನೆಗೆ ಮರಳಿದ ದಿನವೇ ರೋಗಿಗಳ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದೆವು. ತಿಂಗಳ ನಂತರ ಬೇರಾವುದೋ ಕೆಲಸಕ್ಕೆಂದು ಅವರ ಮನೆಯ ಮೆಟ್ಟಿಲೇರಿದಾಗ ಅವರೆಂದರು: "ಫಾದರ್, ಆಸ್ಪತ್ರೆಯಲ್ಲಿ ಮಾತಾಡುವ ಶಕ್ತಿ ಇರಲಿಲ್ಲ, ಜನ ಇದ್ದರು. ಈಗ ಶಕ್ತಿ ಬಂದಿದೆ, ಜನ ಇಲ್ಲ."

ಈ ಮಾತು ನಮ್ಮನ್ನು ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಮಿಲಿಟರಿ ಆಸ್ಪತ್ರೆಗೆ ಕರೆದೊಯ್ದಿತು. ನಮ್ಮ ತೀರ್ಥರೂಪರು ಸೈನ್ಯದಲ್ಲಿದ್ದುದರಿಂದ 1981ರ ಮಳೆಗಾಲದಲ್ಲಿ, ನಮ್ಮ ಹನ್ನೊಂದನೆಯ ವಯಸ್ಸಿನಲ್ಲಿ, ಟೈಫಾಯ್ಡ್ ಜ್ವರಕ್ಕೆ ಅಲ್ಲಿ ಚಿಕಿತ್ಸೆ ಪಡೆದೆವು. ಎತ್ತರದ ಛಾವಣಿ, ಎದುರುಬದುರಾದ ಕಿಟಕಿಗಳು, ಉದ್ದನೆಯ ಜಗಲಿ, ಹೆಂಚಿನ ಮೇಲೆ ಬಿಡದೆ ಸುರಿಯುವ ಮಳೆಯ ಸದ್ದು. ಜ್ವರ ಇಳಿದ ಮೂರನೆಯ ದಿನವೇ ಮನೆಗೆ ಹೋಗಬೇಕೆಂದು ಹಟ ಹಿಡಿದಾಗ, ವಾರ್ಡಿನ ಹಿರಿಯ ನರ್ಸ್ ತಮಗೆ ಬಂದಷ್ಟು ಕನ್ನಡದಲ್ಲಿ, "ಜ್ವರ ಹೋಗಿದೆ, ಕಾಯಿಲೆ ಹೋಗಿಲ್ಲ ಮಗೂ" ಎಂದರು.

ಆ ಮಾತು ವೈದ್ಯಶಾಸ್ತ್ರಕ್ಕೆ ಸಮ್ಮತವಾದುದೇ. ಟೈಫಾಯ್ಡಿನಲ್ಲಿ ಕರುಳಿನ ಹುಣ್ಣು ಮಾಯಲು ಕಾಲ ಬೇಕು. ಜ್ವರ ಬಿಟ್ಟ ಎರಡು ಮೂರು ವಾರಗಳಲ್ಲಿ ಅದು ಮರುಕಳಿಸುವುದೂ ಉಂಟು. ಆದುದರಿಂದ ಮೊದಲು ಗಂಜಿ, ಅನಂತರ ಮೆತ್ತಗಿನ ಅನ್ನ; ಮೊದಲು ಮಂಚದಿಂದ ಕುರ್ಚಿಗೆ, ಅನಂತರ ಜಗಲಿಯ ತುದಿಗೆ. ಜಗಲಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿರುತ್ತಿದ್ದ ಹವಾಲ್ದಾರರೊಬ್ಬರು ನಿತ್ಯವೂ ನಮ್ಮ ಹೆಜ್ಜೆಗಳನ್ನು ಎಣಿಸುತ್ತಿದ್ದರು. "ನಿನ್ನೆ ನಲವತ್ತು, ಇಂದು ಐವತ್ತು" ಎಂದು ಅವರು ಕೂಗಿ ಹೇಳಿದರೆ ನಮಗೆ ಯುದ್ಧ ಗೆದ್ದಷ್ಟು ಸಂತೋಷ. ಸ್ವತಃ ಅವರಿಗೆ ಒಂದು ಹೆಜ್ಜೆಯನ್ನೂ ಇಡಲಾಗುತ್ತಿರಲಿಲ್ಲ.

ಮಿಲಿಟರಿ ಆಸ್ಪತ್ರೆಗಳು ಈ ತಾಳ್ಮೆಯನ್ನು ಸುಲಭವಾಗಿ ಕಲಿಯಲಿಲ್ಲ. ಕ್ರಿಮಿಯನ್ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಬಂದಿಳಿದರು. ಅವರಲ್ಲಿ ಹತ್ತು ಮಂದಿ ಕಥೋಲಿಕ ಧರ್ಮಭಗಿನಿಯರು. ಸೈನಿಕರ ಬ್ಯಾರಕ್ಕೇ ಅಲ್ಲಿ ಆಸ್ಪತ್ರೆಯಾಗಿತ್ತು. ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಮಂದಿ ಸತ್ತರು. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿಗಳನ್ನು ಶುಚಿಗೊಳಿಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಸಾವು ತೀವ್ರವಾಗಿ ಇಳಿಯಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಯಲ್ ಕಮಿಷನ್ ವರದಿ ತಿಳಿಸಿತು. ಗಾಳಿ, ಬೆಳಕು, ಶುದ್ಧ ನೀರು, ವಿಶ್ರಾಂತಿ ಇವೂ ಚಿಕಿತ್ಸೆಯೇ ಎಂಬುದನ್ನು ಸೈನ್ಯ ಅಷ್ಟು ಹೆಣಗಳ ಲೆಕ್ಕ ಹಾಕಿ ಅರಿತುಕೊಂಡಿತು.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ವಿಚಾರವೊಂದನ್ನು ಕಲಿತಿದ್ದೆವು: ಗುಣಪಡಿಸುವ ಮುಖ್ಯ ಶಕ್ತಿ ನಿಸರ್ಗದ್ದು, ವೈದ್ಯನು ಅದರ ಸೇವಕ. ಆರು ಶತಮಾನಗಳ ಬಳಿಕ ನೈಟಿಂಗೇಲರೂ ಸ್ವಾನುಭವದಿಂದ ಇದೇ ನಿಲುವಿಗೆ ಬಂದರು. ಹಾಗಿದ್ದಲ್ಲಿ ನಿಸರ್ಗವು ತನ್ನ ಕೆಲಸದಲ್ಲಿ ತೊಡಗಿರುವ ದಿನಗಳಲ್ಲಿಯೇ ನಾವು ರೋಗಿಯ ಕೈಬಿಡುವುದು ಯಾವ ನ್ಯಾಯ?

ಸೈನ್ಯವು ಇದನ್ನೆಲ್ಲ ಕರುಣೆಯಿಂದಲೇ ಮಾಡಿತೆಂದು ನಾವು ಹೇಳುತ್ತಿಲ್ಲ. ಬಂದೂಕು ಹಿಡಿಯುವ ಕೈ ಅದಕ್ಕೆ ಮತ್ತೆ ಬೇಕಿತ್ತು. ಬಂದೂಕಿಗಾಗಿ ಅವರು ಕೊಟ್ಟ ಕಾಲವನ್ನು ಪ್ರೀತಿಗಾಗಿ ನಾವು ಕೊಡಲಾರೆವೆ? ದಿನಗೂಲಿಯವನಿಗೆ ತಿಂಗಳ ವಿಶ್ರಾಂತಿ ಔಷಧಿಗಿಂತ ದುಬಾರಿ ಎಂಬುದನ್ನು ನಾವು ಬಲ್ಲೆವು. ಮನೆಯ ಹೆಣ್ಣುಮಕ್ಕಳಂತೂ ಹೊಲಿಗೆ ಬಿಚ್ಚುವ ಮುನ್ನವೇ ಒಲೆಯ ಮುಂದೆ ನಿಂತಿರುತ್ತಾರೆ. "ಎದ್ದು ಓಡಾಡುತ್ತಿದ್ದಾಳಲ್ಲ" ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಇಂತಹವರಿಗೆ "ವಿಶ್ರಾಂತಿ ತೆಗೆದುಕೊಳ್ಳಿ" ಎಂಬ ಬರಿಯ ಉಪದೇಶದಿಂದ ಏನೂ ಆಗದು.

ಆದುದರಿಂದ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಆಸ್ಪತ್ರೆಗೆ ಹತ್ತು ಜನ ಒಟ್ಟಿಗೆ ನುಗ್ಗುವ ಬದಲು, ರೋಗಿ ಮನೆಗೆ ಬಂದ ಮೇಲೆ ದಿನಕ್ಕೊಬ್ಬರಂತೆ ಹೋಗಿರಿ. ಹಣ್ಣಿನ ಬುಟ್ಟಿಗಿಂತ ಒಂದು ಹೊತ್ತಿನ ಅಡುಗೆ ಉಪಕಾರಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ, ರೇಷನ್ ತಂದುಕೊಡಿ, ಕೂಲಿ ತಪ್ಪಿದ ಮನೆಯಾದರೆ ಸದ್ದಿಲ್ಲದೆ ನೆರವಾಗಿ. ಇನ್ನು ಮುಂದೆ ಆಸ್ಪತ್ರೆಯಿಂದ ಮರಳಿದವರ ಹೆಸರು ನಮ್ಮ ಪಟ್ಟಿಯಲ್ಲಿ ನಲವತ್ತು ದಿನಗಳವರೆಗೆ ಉಳಿಯಲಿದೆ. ಮರೆತರೆ ನಮ್ಮನ್ನು ಎಚ್ಚರಿಸುವ ಹಕ್ಕು ನಿಮಗಿದೆ.

ಕಳೆದ ವಾರ ಆ ಹಿರಿಯರ ಮನೆಗೆ ಮತ್ತೆ ಹೋಗಿದ್ದೆವು. ಅವರ ಕೈ ಹಿಡಿದು ಬಾಗಿಲಿನಿಂದ ಗೇಟಿನವರೆಗೆ ನಡೆಸಿದೆವು. ಹೆಜ್ಜೆ ಎಣಿಸುವ ಸರದಿ ಈಗ ನಮ್ಮದಾಗಿತ್ತು.