ಕಪ್ಪಿಗಿಂತ ಕಪ್ಪಾದ ಪ್ಲೇಟು

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ, ಡೆಡ್‌ಲೈನು, ಅದೇ ಹಳೇ ನೆಪ. ಆದರೆ ದಸರೆಗೆ ಊರಿಗೆ, ಅಂದರೆ ನಮ್ಮ ಶಿಗ್ಗಾಂವಿ ತಾಲೂಕಿನ ದುಂಡಸಿಗೆ ಹೋಗಿ ಬಂದಾಗಿನಿಂದ ಒಂದು ಸಿಟ್ಟು ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನಿಲ್ಲಿ ಇಳಿಸಿಬಿಡ್ತೀನಿ. ಬೇಜಾರಾದವರು ಮುಂದಿನ ಬ್ಲಾಗಿಗೆ ಹೋಗಬಹುದು :-)

ತಂಗಿ ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದ್ತಿದ್ದಾಳೆ. ನಾನು ಮನೆಗೆ ಹೋದ ದಿನವೇ ಕೇಳಿದಳು.

"ಅಣ್ಣಾ, ನಿಂದು ಹೀಟ್ ಟ್ರಾನ್ಸ್‌ಫರ್ ಲ್ಯಾಬ್ ರೆಕಾರ್ಡ್ ಇನ್ನೂ ಐತೇನು? ಎಮಿಸಿವಿಟಿ ರೀಡಿಂಗ್ ಬೇಕಾಗಿದ್ವು."

"ಯಾಕವಾ, ನೀವು ಪ್ರಯೋಗ ಮಾಡಲಿಲ್ಲೇನು?"

"ಮಾಡೇವಿ. ಕರೆಕ್ಟ್ ಬಂದಿಲ್ಲ."

ರೆಕಾರ್ಡ್ ಅಟ್ಟದ ಮೇಲಿತ್ತು. ತೆಗೆದು ನೋಡಿದರೆ ನನ್ನ ಚೆಂದದ ಅಕ್ಷರದಲ್ಲಿ 0.78 ಅಂತ ಬರೆದಿದೆ, ಕೆಳಗೆ ಕೆಂಪು ಶಾಯಿಯ ಸಹಿ. ಅದು ಸುಳ್ಳು. ನನಗೆ ಬಂದದ್ದು 1.13.

ಗೊತ್ತಿಲ್ಲದವರಿಗೆ ಹೇಳ್ತೀನಿ. ಎಮಿಸಿವಿಟಿ ಅಂದರೆ ಬಿಸಿಯಾದ ಒಂದು ಮೈ ಎಷ್ಟು ಚೆನ್ನಾಗಿ ಶಾಖವನ್ನು ವಿಕಿರಣವಾಗಿ ಹೊರಗೆ ಬಿಡುತ್ತದೆ ಅನ್ನುವ ಅಳತೆ. ಪರಿಪೂರ್ಣ ಕಪ್ಪು ವಸ್ತುವಿಗೆ 1, ಉಳಿದವೆಲ್ಲ ಅದಕ್ಕಿಂತ ಕಡಿಮೆ. ಹಾಗಾಗಿ 1.13 ಅಂದರೆ ನಮ್ಮ ಪ್ಲೇಟು ಕಪ್ಪಿಗಿಂತ ಕಪ್ಪು! ಪ್ರಕೃತಿಯಲ್ಲಿ ಆಗದ್ದು ನಮ್ಮ ಲ್ಯಾಬಿನಲ್ಲಿ ಆಗಿತ್ತು.

ಈ ಪ್ರಯೋಗ ವಿಟಿಯು ಮೆಕ್ಯಾನಿಕಲ್‌ನವರಿಗೆಲ್ಲ ಪರಿಚಯ. ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಪ್ಲೇಟು, ಒಂದಕ್ಕೆ ಕಪ್ಪು ಬಳಿದಿರುತ್ತಾರೆ, ಇನ್ನೊಂದು ಹಾಗೇ. ಎರಡರೊಳಗೂ ಹೀಟರು. ಡಿಮ್ಮರ್‌ಸ್ಟಾಟ್ ತಿರುಗಿಸುತ್ತಾ ಎರಡನ್ನೂ ಒಂದೇ ಬಿಸಿಗೆ ತಂದು ನಿಲ್ಲಿಸಬೇಕು. ಅಳತೆ, ಬಿಸಿ ಎರಡೂ ಒಂದೇ ಆದ್ದರಿಂದ ಗಾಳಿಗೆ ಹೋಗುವ ಶಾಖವೂ ಒಂದೇ. ಕಪ್ಪು ಪ್ಲೇಟು ಹೆಚ್ಚಿಗೆ ತಿನ್ನುವ ಕರೆಂಟು ಏನಿದೆಯೋ ಅದಷ್ಟೂ ವಿಕಿರಣದ ವ್ಯತ್ಯಾಸ. ಸ್ಟೀಫನ್ 1879ರಲ್ಲಿ ಕಂಡುಕೊಂಡ ನಿಯಮಕ್ಕೆ ಹಾಕಿದರೆ ಉತ್ತರ ಸಿಗುತ್ತದೆ. ಎಷ್ಟು ಜಾಣ ಯೋಚನೆ ನೋಡಿ! ಉಪಕರಣದ ಬಗ್ಗೆ ನನ್ನ ತಕರಾರೇ ಇಲ್ಲ.

ಆದರೆ ಅದಕ್ಕೆ ಪುರುಸೊತ್ತು ಬೇಕು. 16 ಸೆಂ.ಮೀ. ವ್ಯಾಸದ ಪ್ಲೇಟು ನೂರು ಡಿಗ್ರಿಯಲ್ಲಿ, ಕೋಣೆ ಮೂವತ್ತರಲ್ಲಿ ಇದ್ದರೆ, ಎರಡೂ ಮುಖದಿಂದ ವಿಕಿರಣವಾಗಿ ಹೋಗುವುದು ಹೆಚ್ಚೆಂದರೆ ಸುಮಾರು 25 ವ್ಯಾಟ್. ಅಂದರೆ ಒಂದೇ ಒಂದು ವ್ಯಾಟ್ ಆಚೀಚೆ ಆದರೂ ಉತ್ತರ 0.04 ಜರುಗುತ್ತದೆ. ಮುಳ್ಳು ನಡುಗುವ ಅಮ್ಮೀಟರಿನಲ್ಲಿ ಒಂದು ವ್ಯಾಟ್ ಯಾವ ಲೆಕ್ಕ? ಮೇಲಾಗಿ ಬಿಸಿ ಪೂರ್ತಿ ಸ್ಥಿರವಾಗುವ ತನಕ ಕಾಯಬೇಕು. ನಾವು ಕಾಯಲಿಲ್ಲ, ಹಿಂದೆ ಇನ್ನೊಂದು ಬ್ಯಾಚ್ ನಿಂತಿತ್ತು. ಹಾಗೇ ಬಿಟ್ಟ ಪ್ಲೇಟು ಇನ್ನೂ ಕಾಯುತ್ತಲೇ ಇತ್ತು, ಕರೆಂಟಿನ ಒಂದು ಪಾಲು ಅದರ ಮೈ ಬಿಸಿ ಮಾಡಲಿಕ್ಕೇ ಹೋಗುತ್ತಿತ್ತು. ಅದನ್ನೂ ವಿಕಿರಣದ ಲೆಕ್ಕಕ್ಕೆ ಬರೆದುಕೊಂಡೆವು. 1.13 ಬರದೆ ಇನ್ನೇನು ಬರುತ್ತೆ?

ಇದೆಲ್ಲ ನನಗೆ ಹೊಳೆದದ್ದು ಮೊನ್ನೆ ಅಟ್ಟದ ಮೇಲೆ ಕೂತಾಗ. ಅವತ್ತು ಲ್ಯಾಬಿನಲ್ಲಿ ಸಿಕ್ಕ ಸಲಹೆ ಒಂದೇ: "ಸೀನಿಯರ್ ರೆಕಾರ್ಡ್ ನೋಡಿ ಅಡ್ಜಸ್ಟ್ ಮಾಡ್ಕೊಳ್ರಿ." ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ವೋಲ್ಟು, ಆಂಪಿಯರು ಹುಟ್ಟಿಸಿದೆ. ಮಾರ್ಕ್ಸ್ ಬಂತು. ಆ 1.13ರಲ್ಲಿ ಒಂದು ಸೆಮಿಸ್ಟರಿಗಾಗುವಷ್ಟು ಪಾಠ ಇತ್ತು, ಅದನ್ನು ರಬ್ಬರಿನಿಂದ ಅಳಿಸಿದೆವು. ಈಗ ನಾನಿರುವ ಕೆಲಸದಲ್ಲಿ ಟೆಸ್ಟ್ ಫೇಲ್ ಆಯಿತು ಅಂತ ಟೆಸ್ಟಿನ ಉತ್ತರವನ್ನೇ ತಿದ್ದಿದರೆ ಮರುದಿನ ಮೀಟಿಂಗಿನಲ್ಲಿ ಮಂಗಳಾರತಿ. ಕಾಲೇಜಿನಲ್ಲಿ ಅದಕ್ಕೆ ಸಹಿ ಹಾಕಿಕೊಡ್ತಾರೆ!

"ಹಳ್ಳಿ ಕಡೆ ಶಾಲೆಗಳಲ್ಲಿ ಉಪಕರಣ ಇಲ್ಲ, ಅದಕ್ಕೇ ವಿಜ್ಞಾನ ಹತ್ತೋದಿಲ್ಲ" ಅಂತ ಕೆಲವರು ಹೇಳ್ತಾರೆ. ನಾನು ಒಪ್ಪೋದಿಲ್ಲ. ನಮ್ಮಲ್ಲಿ ಉಪಕರಣ ಇತ್ತಲ್ಲ, ಏನು ಹತ್ತಿತು? ಹಬ್ಬದ ಮರುದಿನ ಅವ್ವನ ಕಡೆಯಿಂದ ಒಂದೇ ಥರದ ಮೂರು ಸ್ಟೀಲ್ ಚರಿಗೆ ಇಸಗೊಂಡೆ (ಬೈಗುಳ ಬೇರೆ ಸಿಕ್ಕಿತು). ಒಂದನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಹತ್ತಿಸಿದೆ, ಇನ್ನೊಂದಕ್ಕೆ ಸುಣ್ಣ ಬಳಿದೆ, ಮೂರನೆಯದು ಫಳಫಳ. ಮೂರಕ್ಕೂ ಅಷ್ಟಷ್ಟೇ ಕುದಿಯೋ ನೀರು, ಮೇಲೆ ತಾಟು. ಜಾನ್ ಲೆಸ್ಲಿ 1804ರಲ್ಲಿ ಒಂದೊಂದು ಮೈಗೆ ಒಂದೊಂದು ಬಗೆಯ ಲೇಪ ಇದ್ದ ಡಬ್ಬಿಯಲ್ಲಿ ಬಿಸಿನೀರು ತುಂಬಿ ಮಾಡಿದ್ದೂ ಹೆಚ್ಚುಕಡಿಮೆ ಇದೇ.

ಓಣಿಯ ಹುಡುಗರೆಲ್ಲ ಸೇರಿದರು. ಯಾವುದು ಮೊದಲು ಆರುತ್ತೆ ಅಂದರೆ "ಕರಿದು" ಅಂತ ಎಲ್ಲರೂ ಕೂಗಿದರು. ಸುಣ್ಣದ್ದು? "ಅದು ಬಿಳೇದೈತಿ, ಕಡೀಗೆ ಆರತೈತಿ" ಅಂದಳು ತಂಗಿಯೂ. ಅರ್ಧ ಗಂಟೆ ಬಿಟ್ಟು ನೋಡಿದರೆ ಹೊಳೆಯೋದು 81 ಡಿಗ್ರಿ, ಮಸಿಯದು 75, ಸುಣ್ಣದ್ದು 76! ಕಣ್ಣಿಗೆ ಬಿಳಿ ಕಂಡದ್ದು ಆ ಬಿಸಿಯ ಅತಿಗೆಂಪು ಕಿರಣಕ್ಕೆ ಹೆಚ್ಚುಕಡಿಮೆ ಕಪ್ಪೇ. ಸುಣ್ಣದ ಎಮಿಸಿವಿಟಿ ಸುಮಾರು 0.9, ಮಸಿಯದು 0.95ರ ಆಸುಪಾಸು. ಈ ಮಾತು ನನಗೆ ಡಿಗ್ರಿ ಮುಗಿಯುವವರೆಗೂ ಮನಸ್ಸಿಗೆ ಇಳಿದಿರಲಿಲ್ಲ ಅಂದರೆ ನಂಬ್ತೀರಾ?

2020ರಲ್ಲಿ ಗೇಟಿಗೊಂದರಂತೆ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರ್ಮಾಮೀಟರ್ ಗನ್ನಿನ ಜಾತಿಯದೇ ಒಂದು, ಹೆಚ್ಚು ಬಿಸಿ ಅಳೆಯುವಂಥದ್ದು, ನನ್ನ ಬ್ಯಾಗಿನಲ್ಲಿತ್ತು. ಹೊಳೆಯುವ ಚರಿಗೆಗೆ ಹಿಡಿದರೆ ನಲವತ್ತೂ ಮುಟ್ಟಲಿಲ್ಲ. ಮುಟ್ಟಿದ ಹುಡುಗ ಮಾತ್ರ ಕೈ ಕೊಡವಿಕೊಂಡ! ಆ ಗನ್ ಎದುರಿನ ಮೈಯ ಎಮಿಸಿವಿಟಿ 0.95 ಅಂದುಕೊಂಡೇ ಲೆಕ್ಕ ಹಾಕುತ್ತೆ ಅಂತ ಹೇಳಿದ್ದಕ್ಕೆ, "ಹಂಗಾದ್ರ ಮಸಿ ಹಚ್ಚಿ ಹಿಡೀರಿ" ಅಂದ ಏಳನೇ ಇಯತ್ತೆಯವನೊಬ್ಬ. ಕಾರ್ಖಾನೆಗಳಲ್ಲಿ ಹೊಳೆಯುವ ಲೋಹದ ಮೇಲೆ ಕಪ್ಪು ಟೇಪು ಅಂಟಿಸಿ ಅಳೆಯುತ್ತಾರೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಂಗಿಗೆ 0.78ರ ಪುಟ ಕೊಡಲಿಲ್ಲ. ಅವಳದೇ ರೀಡಿಂಗ್ ಬರಿ, ಯಾಕೆ ಹಾಗೆ ಬಂತು ಅಂತ ಕೆಳಗೆ ನಾಲ್ಕು ಸಾಲು ಬರಿ ಅಂದೆ.

"ನೀ ಪಾಸಾಗೀದಿ, ಅದಕ್ಕ ಹೇಳ್ತೀ," ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನೆ ಫೋನ್ ಮಾಡಿದಾಗ ಇನ್ನೂ ರೆಕಾರ್ಡ್ ಸಬ್‌ಮಿಟ್ ಮಾಡಿಲ್ಲ ಅಂತಿದ್ದಳು. ಲ್ಯಾಬಿನಲ್ಲಿ ಪಾಠ ಮಾಡುವ ಬ್ಲಾಗಿಗರು ಒಬ್ಬಿಬ್ಬರು ಇಲ್ಲಿಗೆ ಬರ್ತೀರಿ ಅಂತ ಗೊತ್ತು. 1.13 ಬರೆದು ತಂದವಳಿಗೆ ನೀವು ಎಷ್ಟು ಮಾರ್ಕ್ಸ್ ಕೊಡ್ತೀರಿ? ಉಳಿದವರು, ನಿಮಗೆ ಎಷ್ಟು ಬಂದಿತ್ತು ಹೇಳಿ. ರೆಕಾರ್ಡಿನಲ್ಲಿ ಬರೆದದ್ದಲ್ಲ, ನಿಜವಾಗಿ ಬಂದದ್ದು.