ಕಾಟೊಗಳ ಕಾಟ

ಮಕ್ಕಳೇ, ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಲ್ಲಿನ ಚರಿತ್ರೆ ಓದುವಾಗ ನನಗೆ ಕಾಟೊಗಳದೇ ಕಾಟ!

1921ರಲ್ಲಿ ಯುದ್ಧನೌಕೆಗಳನ್ನು ಕಡಿಮೆ ಮಾಡಲು ವಾಷಿಂಗ್ಟನ್‌ನಲ್ಲಿ ಸಮ್ಮೇಳನ ಸೇರಿತು. ಜಪಾನಿನ ತಂಡದಲ್ಲಿ ಇಬ್ಬರು ಕಾಟೊ. ಮುಖಂಡರು ನೌಕಾಮಂತ್ರಿ, ಅಡ್ಮಿರಲ್ ಕಾಟೊ ತೊಮೊಸಾಬುರೊ. ಸಲಹೆಗಾರರು ವೈಸ್ ಅಡ್ಮಿರಲ್ ಕಾಟೊ ಕಾಂಜಿ. ಒಬ್ಬರು ಹಿರೋಶಿಮಾದವರು, ಇನ್ನೊಬ್ಬರು ಫುಕುಯಿಯವರು.

ದೊಡ್ಡ ಯುದ್ಧನೌಕೆಗಳಲ್ಲಿ ಅಮೆರಿಕ, ಬ್ರಿಟನ್‌ಗೆ ತಲಾ 5 ಪಾಲು, ಜಪಾನಿಗೆ 3 ಎಂಬ ಮಾತು ಬಂತು. ಅಮೆರಿಕದ 10ಕ್ಕೆ ನಮಗೆ 7 ಬೇಕೇ ಬೇಕು ಎಂದು ಕಾಂಜಿ ಹಟ ಹಿಡಿದರು. ತೊಮೊಸಾಬುರೊ ಲೆಕ್ಕ ಹಾಕಿದರು: ಯುದ್ಧಕ್ಕೆ ಹಣ ಬೇಕು, ಅಷ್ಟು ಸಾಲ ಕೊಡಬಲ್ಲ ದೇಶ ಅಮೆರಿಕವೊಂದೇ, ಅದರೊಡನೆಯೇ ಕಾದುವುದು ಹೇಗೆ? 1922ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ಅವರು ಪ್ರಧಾನಿಯಾದರು. 1923ರ ಆಗಸ್ಟ್‌ನಲ್ಲಿ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

1924ರಲ್ಲಿ ಮತ್ತೊಬ್ಬ ಕಾಟೊ ಪ್ರಧಾನಿ! ಇವರು ತಕಾಕಿ, ನೌಕಾಪಡೆಯವರಲ್ಲ, ರಾಜಕಾರಣಿ. ತೆರಿಗೆಯ ಷರತ್ತು ತೆಗೆದು, 25 ತುಂಬಿದ ಗಂಡಸರಿಗೆ ಮತದಾನದ ಹಕ್ಕು ಕೊಟ್ಟ 1925ರ ಕಾನೂನು ಇವರ ಕಾಲದ್ದು. ಹೆಂಗಸರು 1945ರವರೆಗೆ ಕಾಯಬೇಕಾಯಿತು.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳನ್ನು ಕೇಳಿ ನೋಡಿ: ಹಟ ಹಿಡಿದ ಕಾಟೊ ಯಾರು, ಲೆಕ್ಕ ಹಾಕಿದ ಕಾಟೊ ಯಾರು?